ಮಾಸ್ತರರು ಒಪ್ಪದ ಸಾಕ್ಷಿ

ನಮ್ಮ ಮಾಸ್ತರರ ಹುಬ್ಬು ಎಷ್ಟು ದಟ್ಟವೆಂದರೆ, ಬೋರ್ಡು ಒರೆಸಿದ ಖಡುವಿನ ಪುಡಿ ಸಂಜೆತನಕ ಅದರಲ್ಲೇ ಕೂತಿರುತ್ತಿತ್ತು. ಯಾರಾದರೂ ಸುದ್ದಿ ತಂದರೆ ಸಾಕು, ಹುಬ್ಬು ಏರುತ್ತಿತ್ತು, ಪುಡಿ ಉದುರುತ್ತಿತ್ತು, ಹಿಂದೆಯೇ ಪ್ರಶ್ನೆ: "ಕಣ್ಣಾರೆ ಕಂಡಾವ್ರು ಯಾರು?"

ಬೆಟಗೇರಿಯಲ್ಲಿ ಅವರದು ನಮ್ಮ ಗೋಡೆಗೆ ಹತ್ತಿದ ಮನೆ. ನಾವು ಮಗ್ಗದವರು, ಅವರು ಕ್ರಿಶ್ಚನ್ನರು, ಮಿಷನ್ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಲಕ್ಷ್ಮೇಶ್ವರದಲ್ಲಿ ಸಂಸ್ಥಾನದ ಬಾವುಟ ಇಳಿಸಿದ್ದನ್ನು ಅಲ್ಲಿಂದ ಬಂದ ನಾಲ್ವರು ನಾಲ್ಕು ನಮೂನೆ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಮಾಸ್ತರರು ಗದರಿಸಿದರು.

"ನಗಬ್ಯಾಡ ತಂಗಿ. ನಾಲ್ಕೂ ಮಂದಿ ಒಂದ ನಮೂನಿ ಹೇಳಿದ್ರ, ಯಾರೋ ಕೂಡ್ರಿಸಿ ಕಲಿಸ್ಯಾರ ಅಂತ ತಿಳಿ. ಬಾವುಟ ಇಳೀತು ಅನ್ನೂದಕ್ಕ ಎಲ್ಲಾರೂ ಹೌದಂತಾರಲ್ಲ?"

ಯೇಸು ಸತ್ತು ಎದ್ದು ಬಂದನೆಂಬುದನ್ನೂ ಅವರು ಹೀಗೇ ತೂಗುತ್ತಿದ್ದರು. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳು ಎಲ್ಲೆಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೆಂದು ತಾವೇ ತೋರಿಸುವರು. ಯೇಸುವಿನ ಹೆಣ ಇಟ್ಟಿದ್ದ ಗವಿ ಬರಿದಾದದ್ದನ್ನು ಮೊದಲು ಕಂಡವರು ಹೆಂಗಸರು ಎಂಬಲ್ಲಿಗೆ ಬಂದರೆ ದನಿ ಏರುತ್ತಿತ್ತು. "ಆ ಕಾಲದಾಗ ಹೆಣ್ಣಿನ ಸಾಕ್ಷಿಗೆ ಕಿಮ್ಮತ್ತಿದ್ದಿಲ್ಲ. ಸುಳ್ಳು ಕಟ್ಟಾವ ಹೆಣ್ಮಕ್ಕಳನ್ನ ಯಾಕ ಮುಂದ ನಿಂದರಸ್ತಾನ? ಅದಕ್ಕ ಖರೆ ಇರಬೇಕು ಅಂತೀನಿ."

ಏಕೀಕರಣದ ಗದ್ದಲದ ದಿನಗಳಲ್ಲಿ ಅವರ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುತ್ತಿದ್ದವರು, ಜ್ವರದಿಂದ ನೆಲ ಹಿಡಿದರು. ಡಾಕ್ಟರು ಹೊಸ ಇಂಜೆಕ್ಷನ್ ಕೊಟ್ಟರು. ಚರ್ಚಿನ ಸಭೆಯವರು ಬಂದು ಪ್ರಾರ್ಥನೆ ಮಾಡಿದರು. ಮರುದಿನ ಅಕ್ಕಾರು ಎದ್ದು ಕೂತು ಗಂಜಿ ಕೇಳಿದರು. ರಾತ್ರಿ ಯಾರೋ ತಲೆಯ ಮೇಲೆ ಕೈಯಿಟ್ಟು "ಏಳವ್ವಾ" ಅಂದರಂತೆ; ಅದು ಯೇಸುವೇ ಎಂದು ಅವರ ನಂಬಿಕೆ. ರವಿವಾರ ಚರ್ಚಿನಲ್ಲಿ ಎದ್ದು ಅದರ ಸಾಕ್ಷಿ ಹೇಳಬೇಕು, ಗಂಡ ತಮ್ಮ ಬಾಜೂಕ ನಿಲ್ಲಬೇಕು ಎಂದು ಅವರಿಗೆ ಆಸೆ.

"ನಿನಗ ಆರಾಮಾತು, ಅದು ಖರೆ," ಅಂದರು ಮಾಸ್ತರರು. "ಇಂಜೆಕ್ಷನ್ನಿಂದ ಆತೋ, ಕೈಯಿಂದ ಆತೋ, ನನಗ ಹ್ಯಾಂಗ ಗೊತ್ತಾಗಬೇಕು? ಕಾಣದ್ದಕ್ಕ ನಾ ಎದ್ದು ನಿಂದ್ರಂಗಿಲ್ಲ."

ನಾನು ಗಂಜಿ ಹಿಡಿದು ಅಲ್ಲೇ ನಿಂತಿದ್ದೆ. ಅಕ್ಕಾರು ಸಾವಕಾಶ ಕೇಳಿದರು: "ಎಂದೋ ಸತ್ತುಹೋದ ಹೆಣ್ಮಕ್ಕಳ ಮಾತು ನಂಬ್ತೀರಿ. ಮನ್ಯಾನ ಹೆಣ್ಮಗಳ ಮಾತು ನಂಬಾಕ ಒಲ್ರಿ, ಹೌದಲ್ರಿ?"

ಆದರೂ ಆ ರವಿವಾರ ಮಾಸ್ತರರು ಬೆಂಚು ಬಿಟ್ಟು ಏಳಲಿಲ್ಲ. ಅಕ್ಕಾರು ಒಬ್ಬರೇ ನಿಂತು, ಎರಡು ಮಾತು ಹೇಳಿ ಕೂತರಂತೆ. ಮುಂದೆಯೂ ಅವರ ಮನೆಯಲ್ಲಿ ಅಡಿಗೆ, ನಗು, ಚೇಷ್ಟೆ ಎಲ್ಲ ಇತ್ತು. ಗಂಡನೆದುರು ದೇವರ ಮಾತು ಮಾತ್ರ ನಿಂತುಹೋಯಿತು. ಎಂಥಾ ಹಟಮಾರಿ ಮನುಷ್ಯ! ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಸುದ್ದಿಯನ್ನು ಸೋಸಿ ನಂಬುವುದನ್ನು ಕಲಿಸಿದವರೂ ಅವರೇ ಅಂತ ಮರುಗಳಿಗೆ ಕಣ್ಣು ತುಂಬುತ್ತದೆ.

ಅಕ್ಕಾರು ಮೊದಲು ಹೋದರು. ನಾನು ತವರಿಗೆ ಬಂದಿದ್ದಾಗ ಮಾಸ್ತರರು ಕಟ್ಟೆಯ ಮೇಲೆ ಕರೆದು ಕೂರಿಸಿಕೊಂಡರು.

"ತಂಗಿ, ಪುರಾವೆ ತೂಗಿದ್ದು ತಪ್ಪಲ್ಲ. ಅವತ್ತ ಏನಾತು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಆದರ ಆಕಿ ನನಗ ಸಾಕ್ಷಿ ಹೇಳು ಅಂದಿದ್ದಿಲ್ಲವ್ವಾ. ಬಾಜೂಕ ನಿಂದ್ರು ಅಂದಿದ್ಳು, ಅಷ್ಟ." ಇಷ್ಟು ಹೇಳಿ, ಧೋತರದ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತರು.

ತಾವು ಸತ್ತರೆ ಆಕೆಯ ಮಗ್ಗುಲಲ್ಲೇ ಮಣ್ಣು ಮಾಡಬೇಕೆಂದು ಸಭೆಯವರಿಗೆ ಹೇಳಿಟ್ಟಿದ್ದರು. ಅವರು ತೀರಿಕೊಂಡ ದಿನ ನಾನೂ ಹೋಗಿದ್ದೆ. ಅಕ್ಕಾರ ಗೋರಿಯ ಎರಡೂ ಮಗ್ಗುಲಲ್ಲಿ ಅಷ್ಟರಲ್ಲಿ ಬೇರೆಯವರು ಮಲಗಿದ್ದರು. ಮಾಸ್ತರರನ್ನು ಆಚೆ ಗೋಡೆಯ ಹತ್ತಿರ ಇಳಿಸಿದರು.