ಅಪ್ಪನ ಥರ್ಮಾಮೀಟರು

ವಿಜ್ಞಾನಿಗಳೆಂದರೆ ನನಗಿದ್ದ ಭಯಭಕ್ತಿ ರಾವಂದೂರಿನ ಹತ್ತಿರ ನಮ್ಮಕ್ಕನ ಬ್ಯಾರನ್ ಮುಂದೆ ಒಂದೇ ಬೆಳಿಗ್ಗೆ ಇಳಿದುಹೋಯಿತು. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ನೇತುಹಾಕಿ, ಬಿಸಿಯಲ್ಲಿ ಹದ ಮಾಡುವ ಮನೆ. ನಾನು ಹುಣಸೂರಿನವನು, ಇಂಥ ಬ್ಯಾರನ್‌ಗಳಿಗೆ ಸೌದೆ ಮಾರಿಯೇ ಬೆಳೆದವನು.

ಬಂದವರು ಅಪ್ಪ, ಮಗ. ಅಪ್ಪ ಹೊಗೆಸೊಪ್ಪಿನ ವಿಜ್ಞಾನಿಯಾಗಿ ನಿವೃತ್ತರಾದವರು. ಮಗನೂ ಅದನ್ನೇ ಓದಿ ಅದೇ ಕೆಲಸ ಹಿಡಿದವನು. ಕಡಿಮೆ ಸೌದೆಯ ಹೊಸ ಒಲೆಯೊಂದನ್ನು ಇಬ್ಬರೂ ಸೇರಿ ಮಾಡಿದ್ದರು. ಅದು ಗೆದ್ದರೆ ನನ್ನ ವ್ಯಾಪಾರಕ್ಕೆ ಏಟು, ಮುಚ್ಚಿಡುವುದೇನು? ಆದರೂ ಅಕ್ಕನನ್ನು ಒಪ್ಪಿಸಿದವನು ನಾನೇ. ಮೊದಲು ಕುಯ್ದದ್ದೆಲ್ಲ ಮಳೆಗೆ ಸಿಕ್ಕಿ ಕೆಟ್ಟಿತ್ತು. ಆ ವರ್ಷಕ್ಕೆ ಅವಳ ಕೈಯಲ್ಲಿ ಉಳಿದಿದ್ದು ಇದೊಂದು ಬ್ಯಾರನ್ ಸೊಪ್ಪು.

ಒಲೆ ಹಚ್ಚಿದ ಎರಡನೆಯ ದಿನ ಬೆಳಿಗ್ಗೆ ಸೊಪ್ಪು ಹಳದಿಗೆ ತಿರುಗುತ್ತಿತ್ತು. ಆಗ ಬಿಸಿ ಹೆಚ್ಚಾದರೆ ಬೆಂದು ಕಪ್ಪಾಗುತ್ತದೆ. ಅಪ್ಪ ತಮ್ಮ ಸರ್ವೀಸಿನ ಕಾಲದ ಗಾಜಿನ ಥರ್ಮಾಮೀಟರು ನೋಡಿ, "ಬಿಸಿ ಸಾಲದು, ಸೌದೆ ಹಾಕಮ್ಮ" ಎಂದರು. ಅಕ್ಕ ಎರಡು ಕೊರಡು ತುರುಕಿದಳು. ಮಗನ ಕೈಯಲ್ಲೂ ಒಂದು ಹೊಸ ಮೀಟರಿತ್ತು. ಅದನ್ನು ನೋಡಿದ, ಅಪ್ಪನ ಮುಖ ನೋಡಿದ, ಮೀಟರನ್ನು ಜೇಬಿಗೆ ಇಳಿಸಿದ.

ಏನನ್ನೋ ಬಚ್ಚಿಡುವ ಕೈ ವ್ಯಾಪಾರಿಗೆ ತಿಳಿಯದೇ? ಅವನನ್ನು ಬ್ಯಾರನ್ ಹಿಂದಕ್ಕೆ ಕರೆದೊಯ್ದೆ.

"ನಿಮ್ದು ಏನ್ ತೋರುಸ್ತು ಸಾರ್?"

"ಬೇಕಾದ್ದಕ್ಕಿಂತ ಎಂಟು ಡಿಗ್ರಿ ಜಾಸ್ತಿನೇ ಇದೆ."

"ಮತ್ತೆ ಯೋಳ್ಬಾರ್ದಾ?"

"ಎಲ್ಲರ ಎದುರಿಗೆ ಅಪ್ಪಂದು ತಪ್ಪು ಅಂತ ಹೇಗ್ರೀ ಹೇಳ್ಲಿ? ಆ ಥರ್ಮಾಮೀಟರು ಆರು ತಿಂಗಳಿಂದ ಸರಿ ಇಲ್ಲ."

ಆರು ತಿಂಗಳು! ಎಷ್ಟು ಜನರ ಬ್ಯಾರನ್ ಮುಂದೆ ಹೀಗೆ ಮೀಟರನ್ನು ಜೇಬಿಗೆ ಇಳಿಸಿದ್ದನೋ. ಮನೆಯಲ್ಲಿ ದಿನಾ ಅಪ್ಪನ ಕಾಲಿಗೆ ಬೀಳಲಿ, ಸಂತೋಷ. ಕಂಡವರ ಸೊಪ್ಪು ಸುಟ್ಟು ಪಿತೃಭಕ್ತಿ ತೋರಿಸುವವನಿಗೆ ಡಾಕ್ಟರೇಟು ಯಾಕೆ ಬೇಕು?

ಓಡಿಬಂದು ಕೊರಡು ಹೊರಗೆಳೆದೆ, ಗಾಳಿಕಿಂಡಿ ತೆಗೆಸಿದೆ. ಅಷ್ಟರಲ್ಲಿ ಕೆಳಗಿನ ಸಾಲೆಲ್ಲ ಬೆಂದಿತ್ತು. ಅಪ್ಪ ಸಿಡುಕುತ್ತಲೇ ನೋಟ್‌ಬುಕ್ ತೆಗೆದು, 'ರೈತರು ಸೂಚನೆ ಪಾಲಿಸಲಿಲ್ಲ' ಎಂದು ಬರೆದರು. ಮಗ ಅದರ ಕೆಳಗೆ ಸಹಿ ಹಾಕಿದ! ಅಪ್ಪನಿಗೆ ವಯಸ್ಸಾಗಿದೆ ಅನ್ನೋಣ, ಇವನಿಗೇನಾಗಿತ್ತು?

ನನ್ನಿಂದ ವಿಷಯ ತಿಳಿದ ಅಕ್ಕ ಕಪ್ಪಾದ ಒಂದು ಕಡ್ಡಿ ಸೊಪ್ಪನ್ನು ಅವನ ಕಾರಿನ ಸೀಟಿನ ಮೇಲಿಟ್ಟಳು. "ನಿಮ್ಮಪ್ಪನ್ ಮಾನ ಉಳೀತು ಬುಡಪ್ಪ. ಇದ್ನ ನೀನೇ ಮಡೀಕೊ."

ನನ್ನ ಮಾತು ಕೇಳಿ: ಒಂದೇ ಮನೆಯವರಿಬ್ಬರು ಅಳೆಯಲು ಬಂದರೆ ಒಬ್ಬೊಬ್ಬರನ್ನೇ ಬೇರೆ ನಿಲ್ಲಿಸಿ ಕೇಳಿ. ಅಣ್ಣತಮ್ಮಂದಿರ ಮರ ಕೊಳ್ಳುವಾಗ ನಾನು ಮಾಡುವುದೂ ಅದನ್ನೇ.

ಮೇಲಿನ ಸಾಲುಗಳು ಉಳಿದವು, ಅಕ್ಕ ಆ ವರ್ಷ ಹೇಗೋ ದಾಟಿದಳು. ಮುಂದಿನ ಸಲ ತಾನೇ ಒಂದು ಮೀಟರು ಕೊಂಡು ಅದೇ ಒಲೆ ಹಚ್ಚಿದಳು. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು, ಸೌದೆಯೂ ನಿಜವಾಗಿ ಕಡಿಮೆ ಹಿಡಿಯಿತು. ಒಲೆಯಲ್ಲಿ ಒಂದು ಕುಂದೂ ಇರಲಿಲ್ಲ. ಅದನ್ನು ಕಂಡ ಮೇಲೆ ಆ ಮಗನ ಮೇಲಿನ ನನ್ನ ತಾತ್ಸಾರ ಇನ್ನೂ ಹೆಚ್ಚಾಯಿತು.