ಮುಕಾದಮನ ಜೋರು ದನಿ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಶಹಾಬಾದಿನ ಒಂದು ಕಲ್ಲುಗಣಿಯಲ್ಲಿ ನನ್ನನ್ನು ಇಪ್ಪತ್ತು ಆಳುಗಳ ಮೇಲೆ ಮುಕಾದಮನನ್ನಾಗಿ ಮಾಡಿದರು. ಕೆಲಸ ಕಲಿಸಿದ ಹಳೆಯ ಮುಕಾದಮರು ಮೊದಲ ದಿನವೇ ಹೇಳಿದರು: “ಮಂದಿ ನಿನಗ ಅಂಜಬೇಕು. ಎದುರು ಮಾತಾಡಿದ್ರ ಅಲ್ಲೇ ಬಾಯಿ ಮುಚ್ಚಸು.”

ಹಾಗೆಯೇ ಮಾಡಿದೆ. ಚಪ್ಪಡಿ ಹೊರುವ ಮುದುಕಿಯೊಬ್ಬಳು ಗಣಿಯ ಎತ್ತರದ ಕಲ್ಲಿನ ಗೋಡೆಯತ್ತ ಕೈಮಾಡಿ, “ಸಾಹೇಬ್ರ, ಗ್ವಾಡಿ ಮ್ಯಾಲಿನ ಕಲ್ಲು ಸೀಳಲಿಕತ್ತದ ನೋಡ್ರಿ,” ಎಂದಾಗ, “ಸುಮ್ನಿರು, ನಿನ್ನ ಕೆಲಸ ನೀ ಮಾಡು,” ಎಂದು ಎಲ್ಲರೆದುರು ಗದರಿದೆ.

ಅಂದಿನಿಂದ ಗಣಿಯಲ್ಲಿ ಮಾತೇ ನಿಂತುಹೋಯಿತು. ನಾನು ಹೋದಲ್ಲೆಲ್ಲ ಸುತ್ತಿಗೆಯ ಸದ್ದು ಮಾತ್ರ. ಹಳೆಯ ಮುಕಾದಮರು ಭೇಷ್ ಎಂದರು. ಆದರೆ ಊಟದ ಹೊತ್ತಿಗೆ ಆಳುಗಳೆಲ್ಲ ಆ ಕಲ್ಲಿನ ಗೋಡೆಯಿಂದ ಬಹಳ ದೂರ ಹೋಗಿ ಕೂರುವುದನ್ನು ಕಂಡು ನನಗೆ ಒಳಗೊಳಗೇ ಅಳುಕಾಗುತ್ತಿತ್ತು.

ನಾಲ್ಕನೆಯ ದಿನ ಗೋಡೆಯ ಬುಡದಲ್ಲಿ ಅಳತೆಗೋಲು ಹಿಡಿದು ನಿಂತಿದ್ದೆ. ಸುತ್ತಿಗೆಗಳು ಒಮ್ಮೆಲೇ ನಿಂತವು. ತಿರುಗಿದರೆ, ಎಲ್ಲರೂ ದೂರ ಸರಿದು ನನ್ನ ತಲೆಯ ಮೇಲಕ್ಕೆ ನೋಡುತ್ತಿದ್ದರು. ಯಾರೂ ಬಾಯಿ ಬಿಡಲಿಲ್ಲ. ನಾನು ಓಡಿದೆ. ಬೆನ್ನ ಹಿಂದೆಯೇ ಕಲ್ಲು ಕುಸಿದು ಧೂಳು ಮುಸುಕಿತು.

“ಯಾಕ ಒದರಲಿಲ್ಲ?” ಎಂದು ಕೇಳಿದೆ.

ಮುದುಕಿ ನೆಲ ನೋಡುತ್ತ, “ನೀವೇ ಸುಮ್ನಿರು ಅಂದಿದ್ರಲ್ರಿ,” ಎಂದಳು.

ಮರುದಿನ ನಾನೇ ಅವಳ ಬಳಿ ಹೋಗಿ, ಎಲ್ಲಿ ನಿಲ್ಲಬಹುದೆಂದು ಕೇಳಿದೆ. ಅವಳು ಬೆರಳು ಮಾಡಿ ತೋರಿಸಿದಳು. ಬಾಯಿಬಿಟ್ಟು ಮಾತನಾಡಲು ಮಾತ್ರ ಅವಳಿಗೆ ಇನ್ನೂ ಬಹಳ ದಿನ ಹಿಡಿಯಿತು.