‘ಖಡಕ್’ ಪದಕ್ಕೆ ಅರ್ಥ ಬರೆದವರು

ಜಯನಗರದ ಒಂದು ಪುಟ್ಟ ಪ್ರಕಾಶನದಲ್ಲಿ ಮಕ್ಕಳಿಗಾಗಿ ನಿಘಂಟು ಮಾಡುತ್ತಿದ್ದೆವು. ನಾನು ಸಂಪಾದಕ. ಜೊತೆಗಿದ್ದ ಸಹೋದ್ಯೋಗಿ ವಿಜಯಪುರದ ಕಡೆಯವರು. ಅಲ್ಲಿ ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಗಂಡನಿಗೆ ವರ್ಗವಾದ ಮೇಲೆ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು.

ಒಮ್ಮೆ ಅವರು ‘ಖಡಕ್’ ಎಂಬ ಒಂದೇ ಪದಕ್ಕೆ ಇಡೀ ಹಾಳೆ ತುಂಬಿಸಿ ತಂದರು. ಒಣಗಿ ಗಟ್ಟಿಯಾದದ್ದು, ಖಡಕ್ ರೊಟ್ಟಿಯ ಹಾಗೆ. ಪುಡಿ ಜಾಸ್ತಿ ಹಾಕಿ ಕುದಿಸಿದ ಚಹಾ. ಸಡಿಲ ಬಿಡದ, ಕಟ್ಟುನಿಟ್ಟಿನ ಮನುಷ್ಯ. ಕೆಳಗೆ ಮೂಲದ ಬಗ್ಗೆ ಟಿಪ್ಪಣಿ: ಮರಾಠಿ, ಹಿಂದಿಗಳ ‘ಕಡಕ್’ ನಮ್ಮ ಬಾಯಲ್ಲಿ ‘ಖಡಕ್’ ಆಗಿರಬೇಕು, ಕನ್ನಡದ ‘ಕಡು’ವಿಗೂ ಇದಕ್ಕೂ ನಂಟಿದೆ ಎನ್ನಲು ಆಧಾರ ಸಿಗಲಿಲ್ಲ, ವಸ್ತುವಿನ ಗಟ್ಟಿತನಕ್ಕಿದ್ದ ಮಾತು ಸ್ವಭಾವಕ್ಕೂ ಅಂಟಿಕೊಂಡಿದೆ.

ನಾನು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದೆ. ಡಿಟಿಪಿ ಮಾಡುವವರ ಎದುರಿಗೇ ಹೇಳಿದೆ:

“ನಿಮ್ಮೂರಿನ ಮಾತನ್ನೆಲ್ಲ ಇದಕ್ಕೆ ತುಂಬಬೇಡಿ ಮೇಡಂ. ಕಟ್ಟುನಿಟ್ಟು ಅಂತ ಒಂದು ಪದ ಇದೆಯಲ್ಲ, ಸಾಕು.”

ಹಾಳೆ ನನ್ನ ಡ್ರಾಯರ್ ಸೇರಿತು.

ತಿಂಗಳ ನಂತರ ಕರಡು ನೋಡಿದ ನಿವೃತ್ತ ಪ್ರಾಧ್ಯಾಪಕರೊಬ್ಬರು, ದಿನವೂ ಕಿವಿಗೆ ಬೀಳುವ ಖಡಕ್ ಎಲ್ಲಿ ಹೋಯಿತು ಎಂದು ಕೇಳಿದರು. ಕಣ್ತಪ್ಪಿನಿಂದ ಬಿಟ್ಟಿದೆ, ಸೇರಿಸುತ್ತೇನೆ ಎಂದೆ. ಆ ಹಾಳೆಯನ್ನೇ ಹೊರತೆಗೆದು, ನಾಲ್ಕು ಮಾತು ಹಿಂದುಮುಂದು ಮಾಡಿ, ನನ್ನ ಕೈಬರಹದಲ್ಲಿ ಅವರಿಗೆ ಕಳಿಸಿಬಿಟ್ಟೆ. ನಿಘಂಟು ಬಿಡುಗಡೆಯ ದಿನ ಪ್ರಾಧ್ಯಾಪಕರು ವೇದಿಕೆಯ ಮೇಲೆ ಅದನ್ನೇ ಓದಿ, ಪದದ ಬೆನ್ನು ಹತ್ತುವುದೆಂದರೆ ಹೀಗೆ ಎಂದು ನನ್ನನ್ನು ಹೊಗಳಿದರು. ಮೂರನೆಯ ಸಾಲಿನಲ್ಲಿ ನನ್ನ ಸಹೋದ್ಯೋಗಿ ಕೂತಿದ್ದರು. ಇದು ಅವರು ಬರೆದದ್ದು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಎದ್ದು ನಿಂತು ಕೈ ಮುಗಿದೆ.

ಮರುದಿನ ಬೆಳಿಗ್ಗೆ ಸಹೋದ್ಯೋಗಿಯ ಮೇಜಿನ ಬಳಿ ಹೋಗಿ ತಪ್ಪಾಯಿತು ಎಂದೆ. ಅವರು ಕೆಲಸ ನಿಲ್ಲಿಸಿದರು.

“ನೀವು ಖಡಕ್ ಅದೀರಿ ಅಂತ ಗೊತ್ತಿತ್ರೀ ಸರ್. ಹಾಳಿ ಹೊಡದ್ ಹಾಕಿದಾಗ ಬ್ಯಾಸರಾತು, ಖರೆ ನಿಮ್ಮ ಮ್ಯಾಲಿನ ನಂಬಿಕಿ ಹೋಗಿರ್ಲಿಲ್ಲ. ನಿನ್ನಿ ಹೋತು.”

ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ವಿಷಯ ತಿಳಿಸುವವರ ಹಾಗೆ ಹೇಳಿದರು.

ಅವತ್ತೇ ಪ್ರಾಧ್ಯಾಪಕರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು, ಮುಂದಿನ ಮುದ್ರಣದಲ್ಲಿ ಆಕೆಯ ಹೆಸರು ಹಾಕಿ ಎಂದರು. ಹಾಗೇ ಹಾಕಿದೆವು, ಸಂಪಾದಕರು ಎಂಬಲ್ಲಿ, ನನ್ನ ಹೆಸರಿಗಿಂತ ಮೊದಲು. ಅಷ್ಟರಲ್ಲಿ ಆಕೆ ಕೆಲಸ ಬಿಟ್ಟು ಚಿಕ್ಕಲಸಂದ್ರದ ಶಾಲೆಯೊಂದಕ್ಕೆ ಸೇರಿದ್ದರು. ಪ್ರತಿಯನ್ನು ನಾನೇ ಒಯ್ದು ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಂಡರು. ಬಸ್ಸು ಸುಲಭವಾಗಿ ಸಿಕ್ಕಿತೇ ಎಂದು ವಿಚಾರಿಸಿದರು. ಸಿಕ್ಕಿತು ಎಂದೆ. ಗಂಟೆ ಹೊಡೆಯಿತು, ತರಗತಿಗೆ ಹೋದರು.